ಸೊಸೆ ತಂದ ಪೆಟ್ಟಿಗೆ

ಕನಿಶಾಯ್ ಸೊಸೆಯಾಗಿ ಬಂದ ದಿನ ತವರಿನ ಲಾರಿಯಿಂದ ಇಳಿದ ಸಾಮಾನಿನಲ್ಲಿ ಅತ್ತೆ ಕಾಲಿಪಾಳ ಕಣ್ಣಿಗೆ ಚುಚ್ಚಿದ್ದು ಒಂದೇ ವಸ್ತು. ಕೌದಿಗಳು ಇಳಿದವು, ಉಣ್ಣೆಯ ಜಮಖಾನೆ ಇಳಿಯಿತು, ಚಹಾ ಬಟ್ಟಲುಗಳು ಇಳಿದವು. ಕೊನೆಗೆ ಇಬ್ಬರು ಸೇರಿ, ಮದುವಣಗಿತ್ತಿಯನ್ನು ಇಳಿಸಿದ್ದಕ್ಕಿಂತ ಹುಷಾರಾಗಿ ಇಳಿಸಿದ್ದು ಒಂದು ಹಳೆಯ ಕಂಪ್ಯೂಟರು. ಅದೂ ಪೂರ್ತಿಯಾಗಿ ಬರಲಿಲ್ಲ. ತೋಕ್ಮೋಕ್ ಪಟ್ಟಣದಿಂದ ಆತ್‌ಬಾಶಿ ಕಣಿವೆಗೆ ಬರುವ ಘಟ್ಟದ ಗುಂಡಿಗಳಲ್ಲಿ ಎದ್ದು ಬಿದ್ದು ಅದರ ಪರದೆ ಒಡೆದು ಚೂರಾಗಿತ್ತು.

"ಬೇರೆಯವರ ಸೊಸೆಯರು ಫ್ರಿಜ್ಜು ತರ್ತಾರೆ, ಬಟ್ಟೆ ಒಗೆಯೋ ಮೆಷಿನ್ ತರ್ತಾರೆ. ನಮ್ಮವಳು ತಲೆ ಕಡಿದ ಕುರಿ ತಂದಿದ್ದಾಳೆ" ಎಂದಳು ಕಾಲಿಪಾ, ಬೀಗರ ಕಿವಿಗೂ ಬೀಳುವ ಹಾಗೆ.

"ಕುರಿಯಾಗಿದ್ರೆ ಬೇಯಿಸಿ ತಿನ್ನಬಹುದಿತ್ತು" ಎಂದು ಅವಳ ಗಂಡ ಬೈಮುರಾತ್ ಮೀಸೆಯಡಿಯಲ್ಲೇ ನಕ್ಕ. ಅವನು ಕುರಿ, ಕುದುರೆ ಸಾಕಿ ಬದುಕುವ ಮನುಷ್ಯ. ಎಲ್ಲವನ್ನೂ ಆ ಲೆಕ್ಕದಲ್ಲೇ ನೋಡುತ್ತಿದ್ದ.

ಪರದೆ ಹೋದರೂ ಕಂಪ್ಯೂಟರಿನ ಪೆಟ್ಟಿಗೆ ಮಾತ್ರ ವ್ಯರ್ಥವಾಗಲಿಲ್ಲ. ಒಲೆಯ ಪಕ್ಕ ಸರಿಯಾದ ಎತ್ತರಕ್ಕೆ ಬಂತೆಂದು ಕಾಲಿಪಾ ರೊಟ್ಟಿಯ ಹಿಟ್ಟು ಹುದುಗಲು ಬೋಗುಣಿಯನ್ನು ಅದರ ಮೇಲೆ ಇಡತೊಡಗಿದಳು. ಕನಿಶಾಯ್ ರಾತ್ರಿ ಎಲ್ಲರ ಊಟವಾದ ಮೇಲೆ ಬೋಗುಣಿ ಇಳಿಸಿ, ಪೆಟ್ಟಿಗೆಯ ಮೇಲೆ ಬಿದ್ದ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಮಲಗುತ್ತಿದ್ದಳು. ಮದುವೆಗೆ ಮುಂಚೆ ಅವಳು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದವಳು. ಆ ಪೆಟ್ಟಿಗೆಯನ್ನು ಸ್ವಂತ ದುಡಿಮೆಯಿಂದ ಕೊಂಡಿದ್ದಳು.

ಆ ಮನೆಯ ನಿಜವಾದ ಐಶ್ವರ್ಯ ಬೇರೆಯೇ ಇತ್ತು. ಮಗ ಎಲ್ದಿಯಾರ್ ಒಂದು ಕುದುರೆ ಮಾರಿ ತಾಯಿಗೆ ತಂದುಕೊಟ್ಟ ಚಪ್ಪಟೆ ಟಿವಿ. ಅದನ್ನು ತೋರಿನಲ್ಲಿ ಇಟ್ಟಿದ್ದರು. ತೋರ್ ಎಂದರೆ ಬಾಗಿಲಿಗೆ ಎದುರಾದ ಗೋಡೆಯ ಬದಿ, ಮನೆಯ ಹಿರಿಯರು ಕೂರುವ ಜಾಗ. ಅಲ್ಲಿ ಟಿವಿಯ ಪಕ್ಕದಲ್ಲೇ, ಬೈಮುರಾತನ ತಾಯಿ, ಎಲ್ಲರೂ ಎನೆ ಎಂದು ಕರೆಯುವ ಮುದುಕಿ, ಮೂರು ದಿಂಬು ಒರಗಿಕೊಂಡು ಕೂರುತ್ತಿದ್ದಳು. ಕಣ್ಣು ಹೋಗಿ ಎಷ್ಟೋ ವರ್ಷವಾಗಿದ್ದ ಅವಳಿಗೇ ಟಿವಿ ಎಲ್ಲರಿಗಿಂತ ಹತ್ತಿರ! ತೆರೆಯ ಮೇಲೆ ಕಂಡದ್ದನ್ನೆಲ್ಲ ಅವಳಿಗೆ ಬಾಯಲ್ಲಿ ಹೇಳುವುದು ಕಾಲಿಪಾಳ ಕೆಲಸ. ರಿಮೋಟು ಪ್ಲಾಸ್ಟಿಕ್ ಹೊದಿಕೆಯ ಸಮೇತ ಕಾಲಿಪಾಳ ತೋಳಿಲ್ಲದ ಕೋಟಿನ ಜೇಬಿನಲ್ಲಿರುತ್ತಿತ್ತು. ಸೊಸೆಯ ಜಾಗ ಬಾಗಿಲ ಬಳಿ, ಚಹಾ ಕೆಟಲಿನ ಪಕ್ಕ. ಹಿರಿಯರನ್ನು ದಾಟಿ ತೋರಿಗೆ ಹೋಗುವುದು, ಅವರಿಗೆ ಬೆನ್ನು ತಿರುಗಿಸಿ ನಿಲ್ಲುವುದು, ಎರಡೂ ಸೊಸೆಗೆ ಸಲ್ಲದು.

ಮುಂದಿನ ಚಳಿಗಾಲ ಹತ್ತಿರವಾಗುವ ಹೊತ್ತಿಗೆ ಕನಿಶಾಯ್ ತುಂಬು ಬಸಿರಿಯಾಗುತ್ತಾ ಬಂದಳು. ಕಾಲಿಪಾಳ ನಾಲಿಗೆ ಎಷ್ಟು ಹರಿತವೋ ಅವಳ ಕಾವಲೂ ಅಷ್ಟೇ ಹರಿತವಾಯಿತು. ಮಗುವಿಗೆಂದು ಒಂದು ಚಿಂದಿಯನ್ನೂ ಕೊಳ್ಳುವಂತಿಲ್ಲ, ತೊಟ್ಟಿಲನ್ನು ಅಟ್ಟದಿಂದ ಇಳಿಸುವಂತಿಲ್ಲ, ಹೊರಗಿನವರ ಎದುರು ಹೊಟ್ಟೆ ತೋರಿಸುವಂತಿಲ್ಲ. ಹುಟ್ಟದ ಕೂಸಿನ ಬಗ್ಗೆ ಮನೆಯಲ್ಲಿ ಮಾತೇ ಎತ್ತುವಂತಿಲ್ಲ.

ಹೀಗಿರುವಾಗ ಎಲ್ದಿಯಾರ್ ಒಂದು ದಿನ ಹೆಂಡತಿಯನ್ನು ನಾರಿನ್ ಪಟ್ಟಣಕ್ಕೆ ಕರೆದುಕೊಂಡು ಹೋಗಿ ಬಂದ. ರಾಜಧಾನಿ ಬಿಷ್ಕೆಕ್‌ನಿಂದ ಡಾಕ್ಟರುಗಳು ಬಂದು ಅಲ್ಲಿ ಬಸುರಿಯರನ್ನು ನೋಡುತ್ತಿದ್ದರು. ಸಂಜೆ ಕಾಲಿಪಾ ಮಾಂಸದ ಸಾರಿಗೆ ಹಿಟ್ಟಿನ ಎಳೆ ಹಾಕಿ ಎಲ್ಲರಿಗೂ ಬಡಿಸಿದಳು. ಮಗ ಚಮಚ ಮುಟ್ಟಲಿಲ್ಲ.

"ಅಪಾ, ಮಗುವಿನ ಹೃದಯದಲ್ಲಿ ತೊಂದರೆ ಇದೆಯಂತೆ" ಎಂದ ತಾಯಿಗೆ.

"ಯಾರಂದಿದ್ದು?"

"ಡಾಕ್ಟರು. ಮೆಷಿನ್ ಇಟ್ಟು ನೋಡಿದ್ರು."

"ಹೊಟ್ಟೆಯೊಳಗಿರೋದನ್ನ ನೋಡೋಕೆ ಅದೇನು ಕಲ್ಲಂಗಡಿಯಾ, ಕೊಯ್ದು ಕೆಂಪಗಿದೆಯಾ ಅಂತ ನೋಡೋಕೆ?"

"ತಮಾಷೆ ಬೇಡ ಅಪಾ. ಹೃದಯದಿಂದ ಹೊರಡೋ ಎರಡು ದೊಡ್ಡ ನಾಳ ಅದಲುಬದಲಾಗಿವೆಯಂತೆ. ಹೊಟ್ಟೆಯಲ್ಲಿರೋ ತನಕ ತಾಯಿ ಉಸಿರೇ ಅದಕ್ಕೂ ಉಸಿರು. ಹುಟ್ಟಿದ ಮೇಲೆ ಕಷ್ಟ. ಕೆಲವೇ ದಿನದೊಳಗೆ ಆಪರೇಷನ್ ಆಗಬೇಕು. ಅದಕ್ಕೇ ಹೆರಿಗೆ ಬಿಷ್ಕೆಕ್‌ನಲ್ಲೇ ಆಗಬೇಕಂತೆ. ಘಟ್ಟದಲ್ಲಿ ಹಿಮ ಬಿದ್ದು ದಾರಿ ಕಟ್ಟಿದ್ರೆ ಮುಗೀತು. ಮುಂಚೆನೇ ಹೋಗಿ ಅದಕ್ಕೆ ಹತ್ತಿರದ ತೋಕ್ಮೋಕ್‌ನಲ್ಲಿ ಇರಿ ಅಂದ್ರು."

"ತೋಕ್ಮೋಕ್‌ನಲ್ಲಿ ಅಂದ್ರೆ? ಇವಳ ತವರಲ್ಲಾ?"

ಈ ಕಡೆ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇಲ್ಲ. ಬಸಿರಿ ಸೊಸೆ ತವರಿಗೆ ಹೊರಟಳೆಂದರೆ ಗಂಡನ ಮನೆಯವರು ಓಡಿಸಿದರು ಎಂದೇ ಲೆಕ್ಕ.

"ಆಗಲ್ಲ" ಎಂದಳು ಕಾಲಿಪಾ, ಕಡ್ಡಿ ಮುರಿದ ಹಾಗೆ. "ಮಗು ಒಳಗೆ ಕುದುರೆಮರಿ ಥರ ಒದೀತಿದೆ. ಹಿಟ್ಟು ನಾದುವಾಗ ನಾನೇ ಕಣ್ಣಾರೆ ನೋಡಿದೀನಿ. ಒದೆಯೋ ಕೂಸಿಗೆ ಎಂಥ ಕಾಯಿಲೆ?"

"ಖರ್ಚಿನ ಯೋಚನೆಯಾದ್ರೆ ಬೂದು ಕುದುರೆ ಇದೆಯಲ್ಲ..." ಎಂದು ಬೈಮುರಾತ್ ಶುರುಮಾಡಿದ.

"ಕುದುರೆ ಮಾತಲ್ಲ ರೀ, ಮಾನದ ಮಾತು! ಊರ ಬಾಯಿಗೆ ನೀವು ಮುಚ್ಚಳ ಹಾಕ್ತೀರಾ?"

ಎಲ್ದಿಯಾರ್ ಜೇಬಿನಿಂದ ಕಾಗದದ ಲಕೋಟೆಯಲ್ಲಿದ್ದ ಒಂದು ಡಿಸ್ಕ್ ತೆಗೆದು ಊಟಕ್ಕೆ ಹಾಸಿದ್ದ ದಸ್ತರ್‌ಖಾನಿನ ಮೇಲೆ, ರೊಟ್ಟಿಯ ಪಕ್ಕ ಇಟ್ಟ. "ಎಲ್ಲಾ ಇದರಲ್ಲಿದೆ. ಆಪರೇಷನ್ ಮಾಡೋರಿಗೆ ತೋರಿಸಿ ಅಂತ ಕೊಟ್ಟಿದ್ದಾರೆ. ನೀನೇ ನೋಡು."

ಕಾಲಿಪಾ ಬೆಂಕಿ ಮುಟ್ಟಿದವಳ ಹಾಗೆ ಹಿಂದೆ ಸರಿದಳು. "ಹುಟ್ಟದ ಕೂಸನ್ನ ನೋಡೋದಾ? ತೆಗಿ ಅದನ್ನ! ಕಣ್ಣು ತಾಗಿ ಹೋದ್ರೆ ಯಾರು ಹೊಣೆ? ನೀನಾ, ನಿನ್ನ ಡಾಕ್ಟರಾ?"

ಕನಿಶಾಯ್ ತಲೆ ತಗ್ಗಿಸಿಕೊಂಡೇ ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಿದ್ದಳು. ಒಂದು ಬಟ್ಟಲು ತುಂಬಿ ಹರಿಯಿತು. ಅದಕ್ಕೆ ಯಾರೂ ಅವಳನ್ನು ಬೈಯಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಎಲ್ದಿಯಾರ್ ತಾಯಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದ. ಕಾಲಿಪಾ ರೊಟ್ಟಿಯನ್ನು ತಂದೂರಿಗೆ ಬಡಿಯುವ ಸದ್ದು ನಾಲ್ಕು ಮನೆಗೆ ಕೇಳುತ್ತಿತ್ತು. ಕೊನೆಗೆ ಬೈಮುರಾತನೇ ಒಂದು ಸಂಜೆ ಒಲೆಯ ಪಕ್ಕದ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಇದಕ್ಕೆ ಜೀವ ಇದೆಯಾ ಅಂತ ನೋಡಿದ್ರೆ ಏನು ತಪ್ಪು? ಡಿಸ್ಕ್ ಹಾಕೋದು ಬೇಡ. ಸುಮ್ನೆ ನೋಡೋಣ" ಎಂದ.

"ಪರದೆ ಒಡೆದ್ಹೋಗಿದೆಯಲ್ಲ ಅತಾ" ಎಂದ ಎಲ್ದಿಯಾರ್ ತಂದೆಗೆ.

ಬಾಗಿಲ ಬಳಿಯಿಂದ ಸೊಸೆಯ ಸಣ್ಣ ದನಿ ಬಂತು: "ಒಡೆದಿರೋದು ಪರದೆ ಮಾತ್ರ. ಅದರ ನೀಲಿ ತಲೆಯ ಕೇಬಲ್ ಚೆನ್ನಾಗಿದೆ. ಟಿವಿ ಬೆನ್ನಲ್ಲಿ ಅಂಥದ್ದೇ ಒಂದು ಬಾಯಿದೆ. ಸೇರಿಸಿದ್ರೆ ಟಿವಿನೇ ಪರದೆ ಆಗುತ್ತೆ."

"ನಿನಗೆ ಹೇಗೆ ಗೊತ್ತು?" ಎಂದಳು ಕಾಲಿಪಾ.

"ಟಿವಿ ಬಂದ ದಿನವೇ ನೋಡಿದ್ದೆ, ಅಪಾ."

ಒಂದು ವರ್ಷ ಬಾಯಿ ಬಿಡದೆ ಇದ್ದಳಲ್ಲ ಎಂದು ಕಾಲಿಪಾಗೆ ಆಶ್ಚರ್ಯವೂ ಆಯಿತು, ಸಿಟ್ಟೂ ಬಂತು. "ನನ್ನ ಟಿವಿ ಸುಟ್ಟುಹೋದ್ರೆ ನಿಮ್ಮೆಲ್ಲರನ್ನೂ ಒಲೆಗೆ ಹಾಕ್ತೀನಿ" ಎಂದಳು. ಆದರೆ ಬೇಡ ಎನ್ನಲಿಲ್ಲ.

ಪೆಟ್ಟಿಗೆಯನ್ನು ತೋರಿಗೆ ಹೊತ್ತರು. ಎಲ್ದಿಯಾರ್ ಟಿವಿಯ ಹಿಂದೆ ತಲೆ ತೂರಿಸಿದ. ಕುದುರೆಯ ಲಾಳ ಕಟ್ಟುವ ಕೈ ಅವನದು; ಆ ಸಣ್ಣ ಸೂಜಿಮೊಳೆಗಳ ಕೇಬಲ್ಲನ್ನು ತಲೆಕೆಳಗಾಗಿ ಒತ್ತತೊಡಗಿದ. ಬಾಗಿಲಲ್ಲಿ ನಿಂತ ಹೆಂಡತಿ, "ಒತ್ತಬೇಡಿ, ಒತ್ತಬೇಡಿ, ತಿರುಗಿಸಿ... ಅಗಲದ ಬದಿ ಮೇಲೆ... ಈಗ ಪಕ್ಕದ ತಿರುಪು ಬಿಗೀರಿ" ಎಂದು ಹೇಳಿಕೊಡುತ್ತಿದ್ದಳು. ಪೆಟ್ಟಿಗೆ ಗೊರ್ರೆಂದಿತು. ಟಿವಿಯ ಮೇಲೆ ಮಾತ್ರ "ಸಿಗ್ನಲ್ ಇಲ್ಲ" ಎಂಬ ಅಕ್ಷರ ಕುಂಟುತ್ತಾ ಓಡಾಡಿತು.

"ನಾನು ಹೇಳಲಿಲ್ವಾ?" ಎಂದಳು ಕಾಲಿಪಾ, ಗೆದ್ದವಳ ಹಾಗೆ.

"ಅಪಾ, ರಿಮೋಟು..." ಎಂದಳು ಕನಿಶಾಯ್. "ಮೇಲುಗಡೆ ಎಡಕ್ಕೊಂದು ಗುಂಡಿ ಇದೆ. ನೀವೇ ಒತ್ತಿ."

ಕಾಲಿಪಾ ಜೇಬಿನಿಂದ ರಿಮೋಟು ತೆಗೆದು, ಅನುಮಾನದಿಂದಲೇ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ತೆರೆ ಕಪ್ಪಾಗಿ, ನೀಲಿಯಾಗಿ, ನೋಡನೋಡುತ್ತಿದ್ದಂತೆ ಹಸಿರು ಗುಡ್ಡದ ಒಂದು ಚಿತ್ರ ಅಷ್ಟಗಲ ಹರಡಿಕೊಂಡಿತು. ಒಂದು ವರ್ಷ ಹಿಟ್ಟಿನ ಬೋಗುಣಿ ಹೊತ್ತಿದ್ದ ಪೆಟ್ಟಿಗೆಯೊಳಗೆ ಇಷ್ಟು ಬಣ್ಣ ಇತ್ತೆ ಎಂದು ಅವಳ ಕೈ ತಾನಾಗಿಯೇ ಬಾಯಿಯ ಮೇಲೆ ಹೋಯಿತು.

ಸ್ಟುಡಿಯೋದಲ್ಲಿದ್ದಾಗ ಕನಿಶಾಯ್ ತುಂಬಿಟ್ಟುಕೊಂಡಿದ್ದ ವಿಡಿಯೋಗಳಲ್ಲಿ ಒಂದನ್ನು ಎಲ್ದಿಯಾರ್ ಹಾಕಿದ. ಸಮುದ್ರ. ಈ ಕಣಿವೆಯವರಿಗೆ ಇಸಿಕ್‌ಕುಲ್ ಸರೋವರ ಕಂಡದ್ದೇ ದೊಡ್ಡದು; ಸಮುದ್ರಕ್ಕೆ ಹೋಗಿ ಬಂದವರು ಯಾರೂ ಇಲ್ಲ. ನೀರಿನೊಳಗಿನಿಂದ ಒಂದು ತಿಮಿಂಗಿಲ ಮೇಲೆ ಬಂತು. ಬರುತ್ತಲೇ ಇತ್ತು, ಮುಗಿಯಲೇ ಇಲ್ಲ.

"ಕಾಲಿಪಾ, ಏನದು? ಯಾಕೆ ಎಲ್ಲರ ಬಾಯೂ ಕಟ್ಟಿತು?" ಎಂದಳು ಎನೆ.

"ಮೀನು, ಎನೆ. ನಮ್ಮ ಮನೆ, ಕೊಟ್ಟಿಗೆ, ಪಕ್ಕದವರ ಮನೆ, ಎಲ್ಲಾ ಸೇರಿದ್ರೆ ಎಷ್ಟೋ ಅಷ್ಟು. ಪಕ್ಕದಲ್ಲಿ ಮರಿ ಇದೆ. ತಾಯಿ ರೆಕ್ಕೆಯಿಂದ ಅದನ್ನ ನೀರಿನ ಮೇಲಕ್ಕೆ ಎತ್ತುತ್ತಾ ಇದೆ, ಉಸಿರಾಡಲಿ ಅಂತ."

"ಸದ್ದೇ ಇಲ್ಲವಲ್ಲ?"

"ಸದ್ದಿಗೆ ಬೇರೆ ವೈರ್ ಬೇಕು, ಎನೆ" ಎಂದಳು ಕನಿಶಾಯ್.

ಬೈಮುರಾತ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಇದನ್ನ ಸಾಕೋಕೆ ಚಳಿಗಾಲಕ್ಕೆ ಎಷ್ಟು ಹುಲ್ಲು ಕೂಡಿಡಬೇಕಪ್ಪಾ ದೇವರು!" ಎಂದ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು.

ಆಮೇಲಿನ ವಾರಗಳಲ್ಲಿ ಸಂಜೆಯ ಚಹಾ ಎಂದರೆ ತಿಮಿಂಗಿಲ ಎಂದಾಯಿತು. ಪಕ್ಕದ ಮನೆಯವರು ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೂರ್ಸೋಕ್ ತುಂಬಿದ ತಟ್ಟೆ ಹಿಡಿದುಕೊಂಡು ನೋಡಲು ಬಂದರು. ಕಾಲಿಪಾ "ನಮ್ಮ ಸೊಸೆ ತಂದದ್ದು" ಎಂದು ಹೇಳಿಕೊಳ್ಳತೊಡಗಿದಳು, ತಲೆ ಕಡಿದ ಕುರಿಯ ಮಾತು ತನ್ನ ಬಾಯಿಂದ ಬಂದೇ ಇರಲಿಲ್ಲ ಎನ್ನುವ ಹಾಗೆ. ಹಿಟ್ಟಿನ ಬೋಗುಣಿಗೆ ಬೇರೆ ಜಾಗ ಸಿಕ್ಕಿತು. ಆದರೆ ಎಲ್ದಿಯಾರ್ ಡಿಸ್ಕಿನ ಮಾತೆತ್ತಿದ ಕೂಡಲೇ ರಿಮೋಟು ಜೇಬಿಗೆ ಹೋಗುತ್ತಿತ್ತು, ಟಿವಿ ಆರುತ್ತಿತ್ತು.

"ಅಪಾ, ದಿನ ಹೋಗ್ತಾ ಇದೆ."

"ದಿನ ಹೋದ್ರೆ ಹೆರಿಗೆ ಆಗುತ್ತೆ. ನಾನು ಹೆರಲಿಲ್ವಾ ನಿನ್ನ, ಇದೇ ಮನೆಯಲ್ಲಿ?"

"ನಿನ್ನ ಹಟಕ್ಕೆ ನನ್ನ ಮಗು ಸಾಯಬೇಕಾ?"

ಕಾಲಿಪಾ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹೊರಗೆ ಹೋದಳು. ಬೆರಣಿಯ ರಾಶಿಯ ಪಕ್ಕ ಬಹಳ ಹೊತ್ತು ನಿಂತಿದ್ದಳು. ಅಡುಗೆಯನ್ನು ಅವತ್ತು ಕನಿಶಾಯ್ ಮುಗಿಸಿದಳು.

ಒಂದು ಮಧ್ಯಾಹ್ನ ಗಂಡಸರಿಬ್ಬರೂ ಕುರಿಗಳಿಗೆ ಹುಲ್ಲು ತರಲು ಹೋಗಿದ್ದರು. ಹೆಂಗಸರು ಮೂವರೇ. ಎನೆ ತೋರಿನಲ್ಲಿ, ಕಾಲಿಪಾ ಉಣ್ಣೆ ಹಿಂಜುತ್ತಾ, ಕನಿಶಾಯ್ ಬಾಗಿಲ ಬಳಿ ಹಾಲಿನ ಕೆನೆ ತೆಗೆಯುತ್ತಾ ಕುಳಿತಿದ್ದಳು. ಇದ್ದಕ್ಕಿದ್ದಂತೆ ಕನಿಶಾಯ್ ಚಮಚ ಕೆಳಗಿಟ್ಟಳು.

"ಅಪಾ, ಒಂದು ಮಾತು. ನೀವು ಒಂದೇ ಒಂದು ಸಲ ನೋಡಿ. ನೋಡಿದ ಮೇಲೂ ಬೇಡ ಅಂದ್ರೆ, ನಾನು ಇನ್ನು ಈ ಮಾತೆತ್ತಲ್ಲ. ನೀವು ಹೇಳಿದ ಕಡೆ ಹೆರ್ತೀನಿ."

ಮದುವೆಯಾಗಿ ಬಂದ ಮೇಲೆ ಅವಳು ಇಷ್ಟು ಉದ್ದದ ಮಾತನ್ನು ಅತ್ತೆಯ ಮುಖ ನೋಡಿ ಆಡಿದ್ದು ಅದೇ ಮೊದಲು. ಕಾಲಿಪಾ ಬೈಯಲು ಬಾಯಿ ತೆರೆದಳು.

"ಹಾಕಲಿ ಬಿಡು" ಎಂದಳು ಎನೆ, ದಿಂಬಿಗೆ ಒರಗಿಕೊಂಡೇ. "ನಾನು ಕುರುಡಿ, ನನ್ನ ಕಣ್ಣು ತಾಗಲ್ಲ. ನೀನು ಅಜ್ಜಿ. ಅಜ್ಜಿ ಕಣ್ಣು ಮೊಮ್ಮಗುವಿಗೆ ತಾಗುತ್ತಾ?"

ಕಾಲಿಪಾ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದಳು. ಕಿಟಕಿಯ ಪರದೆ ಎಳೆದಳು. ತನ್ನ ಕೈಯಾರೆ ಡಿಸ್ಕನ್ನು ಪೆಟ್ಟಿಗೆಯ ಬಾಯಿಗಿಟ್ಟು, ಬಿಸ್ಮಿಲ್ಲಾ ಎಂದು ರಿಮೋಟು ಒತ್ತಿದಳು.

ತೆರೆಯ ಮೇಲೆ ಮೊದಲು ಬರೀ ಕಪ್ಪು, ಅದರೊಳಗೆ ಬೂದು ಹೊಗೆ.

"ಏನು ಕಾಣುತ್ತೆ?" ಎಂದಳು ಎನೆ.

"ಏನೂ ಇಲ್ಲ. ಒದ್ದೆ ಸೌದೆ ಹೊಗೆ ಥರ... ತಡೀರಿ. ಪಕ್ಕೆಲುಬು, ಎನೆ! ಸಣ್ಣ ಸಣ್ಣ ಪಕ್ಕೆಲುಬು. ಬಾಚಣಿಗೆ ಹಲ್ಲಿಗಿಂತ ಸಣ್ಣ. ಒಳಗೇನೋ... ಬಾಯಿ ತೆಗೀತಿದೆ, ಮುಚ್ತಿದೆ."

"ಅದೇ ಹೃದಯ, ಅಪಾ" ಎಂದಳು ಕನಿಶಾಯ್.

ಕಾಲಿಪಾ ಉಣ್ಣೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮಂಡಿಯ ಮೇಲೆ ತೆವಳಿ ಟಿವಿಯ ಹತ್ತಿರ ಹೋದಳು. ಬದುಕಿನಲ್ಲಿ ಎಷ್ಟು ಹೃದಯಗಳನ್ನು ಅವಳು ಕೈಯಲ್ಲಿ ಹಿಡಿದು ತೊಳೆದಿಲ್ಲ! ಕುರಿಯದು, ಕುದುರೆಯದು, ಎಲ್ಲವೂ ಬಡಿತ ನಿಂತುಹೋದಂಥವು. ಬಡಿಯುವ ಹೃದಯವನ್ನು ಅವಳು ಕಂಡದ್ದೇ ಇಲ್ಲ. ಅದೂ ಇನ್ನೂ ಹುಟ್ಟದವರದು, ತನ್ನದೇ ರಕ್ತದ್ದು, ತನ್ನದೇ ತೋರಿನಲ್ಲಿ. ಭಯವಾಗುತ್ತದೆ ಎಂದುಕೊಂಡಿದ್ದಳು, ಬಂದದ್ದು ಭಯವಲ್ಲ. ಮಸೀದಿಯ ಹೊಸ್ತಿಲಲ್ಲಿ ನಿಂತಾಗ ಆಗುವಂಥದ್ದು ಏನೋ ಆಯಿತು. ತಲೆಯ ಮೇಲಿನ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು.

"ಮಾತಾಡಲ್ವಾ ಇದು?" ಎಂದಳು ಮೆಲ್ಲಗೆ.

"ಸದ್ದಿದೆ. ನಿನ್ನೆ ಇವರು ಪೇಟೆಯಿಂದ ವೈರ್ ತಂದಿದ್ದಾರೆ. ಇನ್ನೂ ಸಿಕ್ಕಿಸಿಲ್ಲ."

ಕಾಲಿಪಾ ತಾನೇ ವೈರು ಹಿಡಿದು ಟಿವಿಯ ಹಿಂದೆ ಬಗ್ಗಿದಳು. ದಪ್ಪ ಮೈ, ದಪ್ಪ ಬೆರಳು. ಎರಡು ಸಲ ಗೋಡೆಗೇ ಚುಚ್ಚಿದಳು. ಕೊನೆಗೆ ಬಾಗಿಲ ಕಡೆ ತಿರುಗಿ, "ಬಾರೇ, ಇಲ್ಲಿ ಬಾ" ಎಂದಳು.

"ತೋರಿಗಾ, ಅಪಾ?"

"ಇನ್ನೆಲ್ಲಿಗೆ? ಟಿವಿ ಅಲ್ಲಿಗೆ ನಡ್ಕೊಂಡು ಬರುತ್ತಾ?"

ಕನಿಶಾಯ್ ಎನೆಯ ಕಾಲು ದಾಟಿ, ಇಬ್ಬರು ಹಿರಿಯರಿಗೂ ಬೆನ್ನು ತಿರುಗಿಸಿ, ಹೊಟ್ಟೆ ಹೊತ್ತುಕೊಂಡು ಬಗ್ಗಿದಳು. ಹಸಿರು ತುದಿಯನ್ನು ಪೆಟ್ಟಿಗೆಗೆ, ಇನ್ನೊಂದು ತುದಿಯನ್ನು ಟಿವಿಗೆ ಸಿಕ್ಕಿಸಿದಳು.

ಮನೆಯೊಳಗೆ ಸದ್ದು ತುಂಬಿತು. ಧಡಧಡ, ಧಡಧಡ, ಬಿಡುವಿಲ್ಲದೆ, ಏದುಸಿರಿನ ವೇಗದಲ್ಲಿ.

"ಯಾರೋ ಕುದುರೆ ಓಡಿಸ್ಕೊಂಡು ಬಂದ್ರು, ಕಾಲಿಪಾ. ಏನೋ ಅವಸರದ ಸುದ್ದಿ ಇರಬೇಕು. ಹೋಗಿ ಬಾಗಿಲು ತೆಗಿ" ಎಂದಳು ಎನೆ.

"ಹೊರಗಲ್ಲ, ಎನೆ" ಎಂದಳು ಕಾಲಿಪಾ. "ಒಳಗೆ. ನಿಮ್ಮ ಮರಿಮಗು."

ಮುದುಕಿ ಕೈ ಚಾಚಿ ತಡಕಾಡಿ ಟಿವಿಯ ಅಂಚನ್ನು ಹಿಡಿದುಕೊಂಡಳು. ಆ ನಡುಕ ಅವಳ ಬೆರಳಿಗೆ ಹತ್ತಿತು. ಅವಳ ಕುರುಡುಗಣ್ಣುಗಳು ಅಗಲವಾದವು.

ತೆರೆಯ ಮೇಲೆ ಈಗ ಕೆಂಪು, ನೀಲಿ ಬಣ್ಣಗಳು ಹರಿದಾಡತೊಡಗಿದವು. ಕನಿಶಾಯ್ ಬೆರಳಿಟ್ಟು ತೋರಿಸಿದಳು: "ಇದೊಂದು ನಾಳ, ಇದೊಂದು ನಾಳ. ಇವು ಒಂದನ್ನೊಂದು ದಾಟಿ ಹೋಗಬೇಕಂತೆ. ನೋಡಿ, ಜೊತೆ ಜೊತೆಗೇ ನೇರ ಹೋಗಿವೆ. ಅದಕ್ಕೇ ಉಸಿರು ಸೇರಿದ ರಕ್ತ ಮೈಗೆ ಹೋಗದೆ ಮತ್ತೆ ಪುಪ್ಪುಸಕ್ಕೇ ಹೋಗುತ್ತಂತೆ. ಹುಟ್ಟಿದಾಗ ಚೆನ್ನಾಗೇ ಇರುತ್ತೆ. ಅಳುತ್ತೆ, ಕೈಕಾಲು ಆಡಿಸುತ್ತೆ. ಆಮೇಲೆ..."

"ಆಮೇಲೆ ತುಟಿ ನೀಲಿ ಆಗುತ್ತೆ" ಎಂದಳು ಕಾಲಿಪಾ. "ಉಗುರು ನೀಲಿ ಆಗುತ್ತೆ. ಮೊಲೆ ಬಾಯಿಗಿಟ್ರೆ ಎರಡು ಗುಟುಕು ಕುಡಿದು ಬೆವರಿ ಬಿಟ್ಟುಬಿಡುತ್ತೆ. ಅಲ್ವಾ?"

"ನಿಮಗೆ ಹೇಗೆ ಗೊತ್ತು, ಅಪಾ?"

ಕಾಲಿಪಾ ತೆರೆಯ ಕಡೆಗೇ ನೋಡುತ್ತಿದ್ದಳು. ಹೃದಯ ಓಡುತ್ತಲೇ ಇತ್ತು.

"ನಿನ್ನ ಗಂಡನಿಗಿಂತ ಮುಂಚೆ ನನಗೊಬ್ಬ ಇದ್ದ. ನಾಲ್ಕು ದಿನ ಇದ್ದ. ನಾನು ಆಗ ನಿನ್ನಷ್ಟೇ ಹುಡುಗಿ. ಬಸಿರಿಯಾಗಿದ್ದಾಗ ಆಸೆ ತಡೆಯೋಕಾಗದೆ ಒಂದು ಟೋಪಿ ಹೊಲಿದಿದ್ದೆ. ಇಷ್ಟೇ ಇಷ್ಟು. ಹುಟ್ಟೋಕೆ ಮುಂಚೆ ಹೊಲಿದೆ, ಅದಕ್ಕೇ ಹೋಯ್ತು ಅಂದ್ರು. ನಾನೇ ಕೊಂದೆ ಅಂದ್ಕೊಂಡೆ. ಇವತ್ತಿನ ತನಕ ಹಾಗೇ ಅಂದ್ಕೊಂಡಿದ್ದೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಬೇರೆ ಕಡೆ ನಗೆಯಾಡುತ್ತಾರೆ. ಈ ಕಣಿವೆಯಲ್ಲಿ ಅದು ನಗುವ ಮಾತಲ್ಲ. ಹಾಗೆಂದವರು ಯಾರು ಎಂದು ಕಾಲಿಪಾ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆಕೆ ಅಲ್ಲೇ, ಟಿವಿಯ ಅಂಚು ಹಿಡಿದುಕೊಂಡು ಕೂತಿದ್ದಳು.

"ನಾನೇ ಅಂದದ್ದು" ಎಂದಳು ಎನೆ. "ನನ್ನವು ಮೂರು ಹೋದವು, ಕಾಲಿಪಾ. ಒಲೆ ಬೂದಿ ತುಳಿದೆ, ಅದಕ್ಕೇ ಹೋದವು ಅಂದ್ರು ನನ್ನತ್ತೆ. ನಾನು ನಂಬಿದೆ. ನಿನಗೆ ಟೋಪಿ ಅಂದೆ. ನೀನು ನಂಬಿದೆ. ಒಳಗೆ ಹೀಗೆಲ್ಲ ಇರುತ್ತೆ ಅಂತ ಯಾರು ಕಂಡಿದ್ರು, ಯಾರು ಕೇಳಿಸ್ಕೊಂಡಿದ್ರು?" ಅವಳು ಕೈ ಚಾಚಿ ಕಾಲಿಪಾಳ ತಲೆ ಹುಡುಕಿದಳು. "ಟೋಪಿಯಿಂದಲ್ಲ, ಮಗಳೇ. ಟೋಪಿಯಿಂದಲ್ಲ."

ಕಾಲಿಪಾ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಮಗ ಸತ್ತಾಗ ಅಳಲು ನಾಚಿಕೆಪಟ್ಟು ನುಂಗಿಕೊಂಡದ್ದನ್ನೆಲ್ಲ ಅತ್ತಳು. ಕನಿಶಾಯ್ ಬಾಗಿಲ ಬಳಿಗೆ ಹಿಂದಿರುಗಲು ಹೊರಟಾಗ ಅವಳ ಲಂಗದ ತುದಿ ಹಿಡಿದು ಅಲ್ಲೇ ಕೂರಿಸಿಕೊಂಡಳು. ಮೂವರೂ ಡಿಸ್ಕ್ ಮುಗಿಯುವ ತನಕ ಅಲ್ಲೇ ಕೂತಿದ್ದರು. ಮುಗಿದ ಮೇಲೆ ಎನೆಯೇ "ಇನ್ನೊಂದು ಸಲ ಹಾಕು" ಎಂದಳು.

ರಾತ್ರಿ ಊಟಕ್ಕೆ ಕೂತಾಗ ಕಾಲಿಪಾ ಎಲ್ಲರಿಗೂ ಮಾಂಸ ಬಡಿಸಿ, "ಬೂದು ಕುದುರೆ ಯಾವಾಗ ಮಾರ್ತೀರಿ?" ಎಂದು ಗಂಡನನ್ನು ಕೇಳಿದಳು.

ಬೈಮುರಾತನ ಕೈ ಬಾಯಿಯ ಹತ್ತಿರ ನಿಂತಿತು.

"ನಾಡಿದ್ದು ಹೊರಡ್ತೀವಿ, ತೋಕ್ಮೋಕ್‌ಗೆ. ಹಿಮ ಬೀಳೋಕೆ ಮುಂಚೆ" ಎಂದಳು ಕಾಲಿಪಾ.

"ಊರು ಏನನ್ನುತ್ತೋ ಅಪಾ?" ಎಂದ ಎಲ್ದಿಯಾರ್. ಇಷ್ಟು ದಿನದ ಸಿಟ್ಟು ಅವನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಅದಕ್ಕೇ ನಾನೂ ಹೋಗ್ತಿರೋದು. ಬಸಿರಿ ಸೊಸೆ ಒಬ್ಬಳೇ ತವರಿಗೆ ಹೋದ್ರೆ ಓಡಿಸಿದ್ರು ಅಂತಾರೆ. ಅತ್ತೆನೂ ಗಂಟು ಕಟ್ಕೊಂಡು ಜೊತೆಗೆ ಹೋದ್ರೆ ಏನಂತಾರೆ? ಅಂಥದ್ದಕ್ಕೆ ಈ ಊರಲ್ಲಿ ಇನ್ನೂ ಮಾತೇ ಹುಟ್ಟಿಲ್ಲ!"

"ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಇರ್ತೀಯಾ? ಅವರ ಕಂಪ್ಯೂಟರಿಗೆ ತಲೆ ಕಡಿದ ಕುರಿ ಅಂದಿದ್ದೀಯಲ್ಲ?" ಎಂದ ಬೈಮುರಾತ್.

"ಹಿಟ್ಟು ನಾದ್ತೀನಿ, ಪಾತ್ರೆ ತೊಳೀತೀನಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನೀವಿಬ್ಬರು ಗಂಡಸರು ಇಲ್ಲಿ ಎನೆಗೆ ಅನ್ನ ಬೇಯಿಸಿ ಹಾಕೋದು ಕಲೀರಿ. ಟಿವಿಯಲ್ಲಿ ಏನು ಬಂತು ಅಂತ ಅವರಿಗೆ ಹೇಳೋದು ಮರೀಬೇಡಿ."

ಕಾಲಿಪಾ ಬೀಗರ ಮನೆಯಲ್ಲಿ ಹೇಗಿದ್ದಳು ಎಂಬುದೇ ಒಂದು ಕಥೆ. ಮೊದಲ ವಾರ ಇಬ್ಬರು ಬೀಗಿತ್ತಿಯರು "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ" ಎಂದು ಒಂದೇ ಪಾತ್ರೆಯನ್ನು ಎಳೆದಾಡಿದರು. ಎರಡನೆಯ ವಾರ ಉಪ್ಪು ಹೆಚ್ಚಾಯಿತೆಂದು ಜಗಳವಾಡಿದರು. ಮೂರನೆಯ ವಾರದ ಹೊತ್ತಿಗೆ ಸ್ವಂತ ಅಕ್ಕತಂಗಿಯರ ಹಾಗೆ ಕನಿಶಾಯ್‌ಳನ್ನು ಇಬ್ಬರೂ ಸೇರಿ ಗದರಿಸತೊಡಗಿದರು.

ಬಿಷ್ಕೆಕ್‌ನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಕೆಂಪಗೆ ಹುಟ್ಟಿ, ಗಟ್ಟಿಯಾಗಿ ಅತ್ತು, ಕಾಲಿಪಾಗೆ ಗೊತ್ತಿದ್ದ ಹಾಗೆಯೇ ತುಟಿ ನೀಲಿಯಾಯಿತು. ಅವಳು ಗೋಡೆ ಹಿಡಿದುಕೊಂಡಳು. ಆದರೆ ಈ ಸಲ ಬಾಗಿಲಾಚೆ ಬಿಳಿ ಬಟ್ಟೆ ತೊಟ್ಟವರು ಕಾದು ನಿಂತಿದ್ದರು. ಅವರಿಗೆ ಮಗುವಿನ ಒಳಗೂ ಹೊರಗೂ ಮೊದಲೇ ಗೊತ್ತಿತ್ತು. ಎಳೆಯ ಏಪ್ರಿಕಾಟ್ ಕಾಯಿಯಷ್ಟಿದ್ದ ಹೃದಯವನ್ನು ಬಿಚ್ಚಿ, ನಾಳಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಹೊಲಿದರು. ಮನುಷ್ಯರ ಕೈ ಇಂಥದ್ದನ್ನೂ ಹೊಲಿಯುತ್ತದೆಯೇ ಎಂದು ಕಾಲಿಪಾ ಆ ಡಾಕ್ಟರ ಕೈಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಅವನ ಅಂಗಿಯ ತೋಳನ್ನು ಕಣ್ಣಿಗೊತ್ತಿಕೊಂಡಳು.

ಮಗುವನ್ನು ಕನಿಶಾಯ್‌ಳ ಮಡಿಲಿಗೆ ಕೊಟ್ಟ ದಿನ ಕಾಲಿಪಾ ಪಕ್ಕದಲ್ಲಿ ಕೂತು ಬಟ್ಟೆ ಸರಿಸಿ ಒಂದೊಂದೇ ಉಗುರು ನೋಡಿದಳು. ಹತ್ತೂ ಕೆಂಪಗಿದ್ದವು. ಮಗು ಮೊಲೆಗೆ ಬಾಯಿ ಹಾಕಿ, ಬಿಡದೆ, ಗುಟುಗುಟು ಕುಡಿಯಿತು.

"ನಿನಗೊಂದು ಹೇಳಬೇಕು" ಎಂದಳು ಕಾಲಿಪಾ, ಮಗುವಿನಿಂದ ಕಣ್ಣು ತೆಗೆಯದೆ. "ಅವನಿಗೆ ಹೆಸರಿಟ್ಟಿದ್ದೆ, ನನ್ನ ಮೊದಲನೆಯವನಿಗೆ. ತಿಲೆಕ್ ಅಂತ. ನಾಲ್ಕು ದಿನದ ಕೂಸು, ಹೆಸರು ಯಾಕೆ ಅಂದ್ರು. ಆಮೇಲೆ ಯಾರೂ ಆ ಹೆಸರೆತ್ತಲಿಲ್ಲ. ನಿನ್ನ ಗಂಡನಿಗೂ ಗೊತ್ತಿಲ್ಲ."

"ಎಷ್ಟು ಚೆಂದದ ಹೆಸರು, ಅಪಾ" ಎಂದಳು ಕನಿಶಾಯ್. "ತಿ..." ಎಂದು ಬಾಯಿಯಿಂದ ಹೊರಟ ಅಕ್ಷರವನ್ನು ಅಲ್ಲೇ ತಡೆದು, ಅಂಗೈಯಿಂದ ತುಟಿ ಮುಚ್ಚಿಕೊಂಡಳು. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ಹಿಡಿಯುವಂತಿಲ್ಲ.

"ಯಾಕೇ? ಏನಾಯ್ತು?" ಎಂದಳು ಕಾಲಿಪಾ.

"ಅವರು ಇವರ ಅಣ್ಣ ಅಲ್ವಾ, ಅಪಾ? ನನಗೆ ಭಾವ ಆಗಬೇಕು. ಹೆಸರು ಹೇಳಿದ್ರೆ ತಪ್ಪಾಗುತ್ತೆ."

ಕಾಲಿಪಾ ತಲೆಯೆತ್ತಿ ನೋಡಿದಳು. ಕನಿಶಾಯ್ ತಲೆಯ ಬಟ್ಟೆಯನ್ನು ಹಣೆಯ ತನಕ ಎಳೆದುಕೊಂಡು, ಎದೆಯ ಮೇಲೆ ಕೈಯಿಟ್ಟು, ಹಾಲು ಕುಡಿಯುತ್ತಿದ್ದ ಮಗುವನ್ನು ಮಡಿಲಲ್ಲಿ ಹಿಡಿದ ಹಾಗೆಯೇ, ಆ ಮನೆಯ ಹಿರಿಯ ಮಗನಿಗೆ ತಲೆಬಾಗಿದಳು.